ಓಡುವ ಚುಕ್ಕಿಯ ಮೇಷ್ಟ್ರು

ಸತ್ತವರ ಧ್ವನಿ ಮಾಡಬಾರದು, ಮಾಡಿದರೆ ಹೋಗುತ್ತಿರುವ ದಾರಿಯಲ್ಲೇ ನಿಂತು ತಿರುಗಿ ನೋಡುತ್ತಾರೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿ ತೀರಿಕೊಂಡ ವಾರದಲ್ಲೇ ಈ ಮಾತನ್ನು ಅಜ್ಜಿಯ ಧ್ವನಿಯಲ್ಲೇ ಹೇಳಿ ಚಿಕ್ಕಪ್ಪನ ಕೈಲಿ ಕೆನ್ನೆಗೆ ಬಾರಿಸಿಕೊಂಡವನು ನಾನು. ಅಂಥವನಿಗೂ ಹೋದ ತಿಂಗಳು ಭಯವಾಯಿತು.

ಚಾಮರಾಜನಗರದಲ್ಲಿ ನನ್ನ ಕೆಲಸ ಆಟೋದಲ್ಲಿ ಮೈಕ್ ಹಿಡಿದು ಕೂಗುವುದು. ಸೀರೆ ಅಂಗಡಿ, ಲಾಟರಿ, ಸರ್ಕಸ್ಸು, ಚುನಾವಣೆ, ಯಾವುದಾದರೂ ಸರಿ. ಬೆಳಿಗ್ಗೆ ಒಬ್ಬ ಅಭ್ಯರ್ಥಿಯ ಧ್ವನಿ, ಮಧ್ಯಾಹ್ನ ಅವನ ಎದುರಾಳಿಯ ಧ್ವನಿ. ಇಬ್ಬರೂ ನನ್ನ ಗಂಟಲಲ್ಲೇ ಸೋತಿದ್ದಾರೆ. ನನ್ನ ಸ್ವಂತ ಧ್ವನಿ ಯಾವುದು ಅಂತ ಕೇಳಿದರೆ ನಮ್ಮವ್ವ ಕೂಡ, "ಅದ್ಯಾವ್ದೋ ಒಂದಿತ್ತು ಕಣಪ್ಪ, ಚಿಕ್ಕೋನಿದ್ದಾಗ" ಅನ್ನುತ್ತಾಳೆ.

ಆಟೋ ಓಡಿಸುವ ಸಲೀಮಣ್ಣ ಒಂದು ಬೆಳಿಗ್ಗೆ ಮೈಕಿನ ಹಾರ್ನ್ ಕಟ್ಟುತ್ತಾ ಹೇಳಿದ: "ತೀರ್ಕೊಂಡ್ರಲ್ಲ ನಿಮ್ಮ ಕಾಲೇಜು ಮೇಷ್ಟ್ರು, ಅವ್ರ ಮನೆ ನಮ್ಮ ಬೀದೀಲೇ ಅಲ್ವೇನೋ. ಅವ್ರ ಹೆಂಡ್ತಿ, ಅಮ್ಮಾವ್ರು, ನೆನ್ನೆ ಆಟೋ ನಿಲ್ಲಿಸಿದ್ರು. ನೀನು ಅವ್ರಂಗೇ ಮಾತಾಡ್ತೀಯಂತಲ್ಲ, ಭಾನುವಾರ ಬಂದು ಒಂದ್ಸಲ ಮಾತಾಡಿ ಓಗ್ಬೇಕಂತೆ."

"ಯಾಕಂತೆ?"

"ಮೇಷ್ಟ್ರ ಧ್ವನಿ ಮರ್ತೋಯ್ತಾ ಅದಂತೆ. ಮುಖ ಫೋಟೋದಲ್ಲಿ ಅದೆ, ಧ್ವನಿ ಮಾತ್ರ ಎಲ್ಲೂ ಇಲ್ಲ ಅಂತ ಕಣ್ಣಲ್ಲಿ ನೀರಾಕೊಂಡ್ರು."

ನಾನು ಸಲೀಮಣ್ಣನ ಧ್ವನಿಯಲ್ಲೇ "ಆಯ್ತು ಬುಡಣ್ಣ" ಅಂದೆ. ದಿನಾ ನಗುವವನು ಅವತ್ತು ನಗಲಿಲ್ಲ.

ಮೇಷ್ಟ್ರು ಬೇಸಿಗೆಯಲ್ಲಿ ತೀರಿಕೊಂಡಿದ್ದರು, ಗಂಟಲಿನ ಕಾಯಿಲೆಯಲ್ಲಿ. ಆಪರೇಷನ್ ಆಗಿ ಧ್ವನಿ ಅದಕ್ಕೂ ಮೊದಲೇ ಹೋಗಿತ್ತು. ಅಂದರೆ ಆ ಮನೆಯಲ್ಲಿ ಮನುಷ್ಯನಿಗಿಂತ ಮುಂಚೆ ಧ್ವನಿಯ ಸಾವಾಗಿತ್ತು, ಅದಕ್ಕೆ ಯಾರೂ ತಿಥಿ ಮಾಡಿರಲಿಲ್ಲ. ಭಾನುವಾರದವರೆಗೆ, ಅವರದ್ದು ನನ್ನ ಹತ್ತಿರ ಏನೇನು ಉಳಿದಿದೆ ಅಂತ ಹುಡುಕುತ್ತಾ ಕೂತೆ.

ಅವರು ಗುಂಡ್ಲುಪೇಟೆಯಲ್ಲಿ ನಮಗೆ ಪಿಯುಸಿಗೆ ಫಿಸಿಕ್ಸ್ ಹೇಳುತ್ತಿದ್ದರು. ದಿನಾ ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರು. ಗುಂಡ್ಲುಪೇಟೆಯವರು ಅವರನ್ನು ಚಾಮರಾಜನಗರದವರು ಅನ್ನುತ್ತಿದ್ದರು. ಚಾಮರಾಜನಗರದವರಿಗೆ ಅವರು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಾಣುವ ಒಂದು ಬೆನ್ನು. ನಾನು ತೆರಕಣಾಂಬಿಯಲ್ಲಿ ಅದೇ ಬಸ್ಸು ಹತ್ತುತ್ತಿದ್ದೆ. ಕಿಟಕಿ ಪಕ್ಕ ಅವರು, ಅವರ ತೊಡೆಯ ಮೇಲೆ ರೆಕ್ಸಿನ್ ಚೀಲ, ಪಕ್ಕದ ಸೀಟಿನಲ್ಲಿ ಯಾರದೋ ಅರಿಶಿನದ ಮೂಟೆ.

ಬಸ್ಸಿಳಿದರೆ ನಡಿಗೆಯಲ್ಲ, ಓಟ. ನಾವು ಹಿಂದೆ ಬಿದ್ದು ನಡೆದರೂ ಕಾಲೇಜಿನ ಗೇಟಿನಲ್ಲಿ ಸಿಗುವುದು ಅವರ ಧೂಳು ಮಾತ್ರ. ಅಲ್ಲೊಂದು ನಲ್ಲಿಯಿತ್ತು. ಕ್ಲಾಸಿಗೆ ಮೊದಲು ಅದರಡಿ ಕಾಲು ತೊಳೆಯಲೇಬೇಕು. ಬಗ್ಗುವವರಲ್ಲ, ಪ್ಯಾಂಟನ್ನು ಎರಡು ಕೈಲಿ ಎತ್ತಿ ಹಿಡಿದು, ಎಡಗಾಲನ್ನು ಮೊದಲು ನೀರಿಗೊಡ್ಡಿ, ಬಲಗಾಲಿನ ಹಿಮ್ಮಡಿಯಿಂದ ಅದನ್ನು ತಿಕ್ಕಿ, ಆಮೇಲೆ ಬಲಗಾಲು. ಕೊಕ್ಕರೆ ಗದ್ದೆಯಲ್ಲಿ ಕಾಲು ಬದಲಾಯಿಸಿದ ಹಾಗೆ. ಇದನ್ನು ನಾನು ಮಾಡಿ ತೋರಿಸಿದರೆ ಹಾಸ್ಟೆಲ್ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಒಮ್ಮೆ ನಾನೂ ಬಿದ್ದೆ, ಆದರೆ ನಗಲಿಕ್ಕಲ್ಲ, ಪಾಚಿಯ ಮೇಲೆ ಜಾರಿ.

ಧ್ವನಿ ಎರಡನೇ ಬೆಂಚು ದಾಟಿದರೆ ಹೆಚ್ಚು. "ಮಿಣುಕು ಮೇಷ್ಟ್ರು" ಅಂತ ಹೆಸರಿಟ್ಟಿದ್ದೆವು. ಹಿಂದಿನ ಬೆಂಚಿನ ನಾವು ಅವರ ತುಟಿ ನೋಡಿಯೇ ಫಿಸಿಕ್ಸ್ ಕಲಿತೆವು. ಎಷ್ಟು ಕಲಿತೆವು ಅನ್ನುವುದಕ್ಕೆ ನಾನು ಆಟೋದಲ್ಲಿ ಕೂಗುತ್ತಿರುವುದೇ ಸಾಕ್ಷಿ.

ಇನ್ನೊಂದು ಅಭ್ಯಾಸವಿತ್ತು. ಏನನ್ನಾದರೂ ದಿಟ್ಟಿಸಿ ನೋಡುವಾಗ ಎಡಗಣ್ಣು ಮುಚ್ಚುವುದು, ಬಲಗಣ್ಣು ಮುಚ್ಚುವುದು, ಜೊತೆಗೆ ನಾಲಗೆಯಲ್ಲಿ ಟಕ್, ಟಕ್. ಹೊಸದಾಗಿ ಬಂದ ಪ್ರಿನ್ಸಿಪಾಲರನ್ನು ಮೊದಲ ದಿನವೇ ಹೀಗೆ ನೋಡಿದ್ದರಿಂದ, "ಏನ್ರೀ, ನನಗೇ ಕಣ್ಣು ಹೊಡೀತೀರಾ?" ಅಂತ ಕೇಳಿಸಿಕೊಂಡರಂತೆ. ಕಾರಣ ಹೇಳಿದರಂತೆ. ಪ್ರಿನ್ಸಿಪಾಲರಿಗೆ ಕೇಳಿಸಲಿಲ್ಲವಂತೆ.

ಕಾರಣ ಇಷ್ಟು. ವಯಸ್ಸಿನಲ್ಲಿ ಅವರು ತಮಿಳುನಾಡಿನ ಒಂದು ಬೆಟ್ಟದ ಮೇಲೆ, ದೊಡ್ಡ ದುರ್ಬೀನು ಇರುವ ಕಡೆ ಕೆಲಸಕ್ಕಿದ್ದರು. ಆಕಾಶದ ಒಂದೇ ಜಾಗವನ್ನು ವರ್ಷಗಟ್ಟಲೆ ಅಂತರದಲ್ಲಿ ಎರಡು ಸಲ ಗಾಜಿನ ಪ್ಲೇಟಿನ ಮೇಲೆ ಫೋಟೋ ತೆಗೆದಿರುತ್ತಾರೆ. ಎರಡನ್ನೂ ಒಂದು ಯಂತ್ರಕ್ಕೆ ಹಾಕಿದರೆ ಇದೊಮ್ಮೆ ಅದೊಮ್ಮೆ, ಟಕ್ ಟಕ್ ಅಂತ ಕಣ್ಣಿಗೆ ಬೀಳುತ್ತವೆ. ಸಾವಿರಾರು ಚುಕ್ಕಿಗಳು ಕದಲದೆ ಕೂತಿರುತ್ತವೆ. ಎಲ್ಲೋ ಒಂದು ಮಾತ್ರ ಎಗರುತ್ತದೆ. ಹಾಗೆ ಎಗರಿದ್ದನ್ನು ಹಿಡಿಯುವುದು ಅವರ ಕೆಲಸ. ಕೆಲಸ ಬಿಟ್ಟು ಬಂದರೂ ಟಕ್ ಟಕ್ ಬಿಟ್ಟಿರಲಿಲ್ಲ. ಬೆಟ್ಟ ಇಳಿದು ಯಾಕೆ ಬಂದಿರಿ ಅಂತ ನಾವು ಕೇಳಲಿಲ್ಲ. ಕೇಳಿದ್ದರೂ ಉತ್ತರ ಎರಡನೇ ಬೆಂಚು ದಾಟುತ್ತಿರಲಿಲ್ಲ.

ಅಂಥ ಒಂದು ಜೋಡಿ ಫೋಟೋದ ಪ್ರತಿ ಅವರ ರೆಕ್ಸಿನ್ ಚೀಲದಲ್ಲಿತ್ತು. ವರ್ಷಕ್ಕೊಮ್ಮೆ, ಪಾಠ ಮುಗಿದ ಮೇಲೆ, ಅದನ್ನು ಕ್ಲಾಸಿನಲ್ಲಿ ಕೈಯಿಂದ ಕೈಗೆ ಕೊಡುತ್ತಿದ್ದರು. "ಓಡಿರೋದು ಯಾವುದು, ಹುಡುಕಿ." ನಮ್ಮ ಕಣ್ಣಿಗೆ ಅದು ಎಳ್ಳು ಚೆಲ್ಲಿದ ಬಿಳೀ ಬಟ್ಟೆ. ಮೊದಲ ಬೆಂಚಿನ ರ್‍ಯಾಂಕ್ ಹುಡುಗರು ನಾಲ್ಕು ಕಡೆ ಬೆರಳಿಟ್ಟು ನಾಲ್ಕೂ ತಪ್ಪು. ಫೋಟೋ ಹಿಂದಿನ ಬೆಂಚಿಗೆ ಬಂತು. ನಾನು ಎರಡನ್ನೂ ಒಂದರ ಮೇಲೊಂದು ಇಟ್ಟು ಎಬ್ಬಿಸಿ ಇಳಿಸಿ ನೋಡಿ, "ಇದು ಸಾ" ಅಂದೆ.

ಮೇಷ್ಟ್ರು ಓಡಿಬಂದರು. "ಹೇಗೆ ಗೊತ್ತಾಯ್ತು?"

"ಪ್ರಿನ್ಸಿಪಾಲರ ಹುಬ್ಬು ಹಿಡಿದಂಗೆ ಸಾ."

ಕ್ಲಾಸು ನಕ್ಕಿತು. ನಾನು ತಮಾಷೆ ಮಾಡಿರಲಿಲ್ಲ. ಮಿಮಿಕ್ರಿ ಮಾಡುವವನು ನೋಡುವುದು ಅದನ್ನೇ. ಕಣ್ಣು, ಮೂಗು, ಬಾಯಿ ಎಲ್ಲರಿಗೂ ಇರುತ್ತವೆ, ಅವೆಲ್ಲ ಕದಲದ ಚುಕ್ಕಿಗಳು. ಈ ಮನುಷ್ಯನಲ್ಲಿ ಮಾತ್ರ ಎಗರುವುದು ಒಂದಿರುತ್ತದೆ. ಅದೊಂದು ಸಿಕ್ಕಿದರೆ ಇಡೀ ಮನುಷ್ಯ ಸಿಕ್ಕಿದ. ಮೇಷ್ಟ್ರು ನನ್ನನ್ನು ನೋಡಿದರು: ಎಡಗಣ್ಣು, ಬಲಗಣ್ಣು, ಟಕ್, ಟಕ್. ಆಮೇಲೆ ಬಾಯಿ ಅಗಲಿಸಿ ಸದ್ದಿಲ್ಲದೆ ನಕ್ಕರು. ಅವತ್ತಿನಿಂದ ಬಸ್ಸಿನಲ್ಲಿ ಅರಿಶಿನದ ಮೂಟೆಯ ಜಾಗ ನನಗಾಯಿತು.

"ಮಂಕಾಗಿ ಕಾಣೋದೆಲ್ಲ ದೂರ ಇರಲ್ಲಪ್ಪ," ಅನ್ನುತ್ತಿದ್ದರು ಕಿಟಕಿಯ ಕಡೆ ತಿರುಗಿ. "ಓಡುತ್ತಾ ಇದೆ ಅಂದ್ರೆ ಹತ್ತಿರ ಇರಬೇಕು. ನೋಡು, ರಸ್ತೆ ಪಕ್ಕದ ಹುಣಸೆಮರ ಹೇಗೆ ಹಿಂದಕ್ಕೆ ಓಡ್ತಿದೆ. ಗೋಪಾಲಸ್ವಾಮಿ ಬೆಟ್ಟ ಓಡುತ್ತಾ?"

ಬೆಟ್ಟದ ಮೇಲೆ ಅವರೇ ಹಿಡಿದ, ಆ ಫೋಟೋದ ಚುಕ್ಕಿಯೂ ಮಂಕು, ಓಟ ಮಾತ್ರ ವಿಪರೀತ. ಮಂಕಾಗಿದ್ದೂ ಹೀಗೆ ಓಡುವ ಚುಕ್ಕಿ ಯಾವ ಗುಂಪಿಗೆ ಸೇರಿದ್ದು ಅಂತ ಗೊತ್ತು ಮಾಡಬೇಕಾದರೆ ಮೊದಲು ಬಣ್ಣ ನೋಡಬೇಕಂತೆ. ನೀಲಿ ಬೆಳಕು ಹಿಡಿಯುವ ಪ್ಲೇಟಿನಲ್ಲೂ ಚೆನ್ನಾಗಿ ಬಿದ್ದಿದ್ದರೆ ಅದು ಶ್ವೇತಕುಬ್ಜ, ಉರಿದು ಮುಗಿದು ಬೂದಿಯೊಳಗೆ ಕಾವು ಉಳಿಸಿಕೊಂಡ ಕೆಂಡ. ಇವನು ನೀಲಿಯಲ್ಲಿ ಇದ್ದೂ ಇಲ್ಲದ ಹಾಗೆ, ಕೆಂಪಿನಲ್ಲಿ ಮಾತ್ರ ಎದ್ದು ಕಾಣುತ್ತಿದ್ದ. ಚುಕ್ಕಿಯನ್ನು ಅವರು "ಅದು" ಅಂದದ್ದು ನನಗೆ ನೆನಪಿಲ್ಲ. "ಇವನು" ಅನ್ನುತ್ತಿದ್ದರು.

"ಜಾತಿ ಸರ್ಟಿಫಿಕೇಟ್ ಬೇಕೇನಪ್ಪಾ? ಅರ್ಜಿ ತಂದಿದೀಯಾ? ನಾಳೆ ಬಾ, ಸಾಹೇಬ್ರಿಲ್ಲ," ಅಂದೆ ತಾಲ್ಲೂಕು ಕಚೇರಿಯ ಗುಮಾಸ್ತನ ಧ್ವನಿಯಲ್ಲಿ.

"ಅದೇ ಆಗಿದ್ದು ಕಣೋ ನಂಗೆ," ಅಂದರು. "ದುರ್ಬೀನಲ್ಲಿ ಇವನನ್ನ ನೋಡೋ ನನ್ನ ಸರದಿ ಬಂದ ದಿನವೇ ಮೋಡ."

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಬಸ್ಸಿಗೆ ಕಾಯುವಾಗ ಉಳಿದದ್ದನ್ನು ಹೇಳಿದರು. ಈ ರಸ್ತೆಯಲ್ಲಿ ಎರಡು ಬಗೆಯ ಗಾಡಿಗಳು. ಒಂದು ನಮ್ಮವು, ಬೇಗೂರಿಗೋ ತೆರಕಣಾಂಬಿಗೋ ಹೋಗುವಂಥವು. ಇನ್ನೊಂದು ಮೈಸೂರಿನಿಂದ ಊಟಿಗೆ, ಕೇರಳಕ್ಕೆ ಹೋಗುವಂಥವು. ಅವು ಇಲ್ಲಿ ಟೀ ಕುಡಿದರೂ ನಮ್ಮವಲ್ಲ. ಮಬ್ಬಿನಲ್ಲಿ ದೂರದಿಂದ ಒಂದು ದೀಪ ಓಡುತ್ತಾ ಬಂದರೆ, ಹತ್ತಿರದ ಸಣ್ಣ ಮೊಪೆಡ್ಡೋ ದೂರದ ದೊಡ್ಡ ಬಸ್ಸೋ ಹೇಗೆ ಹೇಳ್ತೀಯ?

"ನಂಬರ್ ಪ್ಲೇಟ್ ನೋಡಬೇಕು ಸಾ."

"ಸರಿ. ಚುಕ್ಕಿಗೂ ಒಂದು ನಂಬರ್ ಪ್ಲೇಟಿದೆ. ಬೆಳಕನ್ನ ಕಾಮನಬಿಲ್ಲಿನ ಥರ ಬಿಡಿಸಿದ್ರೆ ಅದರಲ್ಲಿ ಲೋಹಗಳ ಗುರುತು ಕಾಣುತ್ತೆ. ದಟ್ಟವಾಗಿದ್ರೆ ಕೆಂಪುಕುಬ್ಜ, ನಮ್ಮ ಕೇರಿಯವನೇ, ಪಾಪ, ಹುಟ್ಟಾ ಮಂಕು. ತೆಳುವಾಗಿದ್ರೆ ಉಪಕುಬ್ಜ. ತುಂಬಾ ಹಳಬ, ಬೇರೆ ಕಡೆಯವನು, ಎಷ್ಟು ಜೋರು ಅಂದ್ರೆ ದೂರದಲ್ಲಿದ್ರೂ ಓಟ ಕಾಣುತ್ತೆ, ನಮ್ಮ ನಡುವೆ ಹಾದು ಹೋಗ್ತಾ ಇರ್ತಾನೆ."

"ನಿಮ್ಮೋನು ಯಾವನು ಸಾ?"

"ನಮ್ಮ ಕೇರಿಯವನೇ ಇರಬೇಕು," ಅಂದರು. ಅದನ್ನು ಅವರು ಅಂದ ರೀತಿ, ಮಗ ಪಾಸಾಗಬಹುದು ಅಂತ ತಂದೆ ಅನ್ನುವ ರೀತಿ. ಅವರಿಗೆ ಮಕ್ಕಳಿರಲಿಲ್ಲ.

ಕಾಲೇಜು ಡೇಯಲ್ಲಿ ನಾನು ಎಲ್ಲರನ್ನೂ ಮಾಡಿದೆ. ಪ್ರಿನ್ಸಿಪಾಲರು, ಬಸ್ ಕಂಡಕ್ಟರು, ಕ್ಯಾಂಟೀನಿನ ಮಲಯಾಳಿ ಕಾಕ. ಕೊನೆಗೆ ಮೇಷ್ಟ್ರನ್ನು. ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಂತು ಅವರ ಧ್ವನಿಯಲ್ಲಿ ಮಾತಾಡಿದೆ. ಯಾರಿಗೂ ಏನೂ ಕೇಳಿಸಲಿಲ್ಲ. ಕೇಳಿಸಲಿ ಅಂತ ಇಡೀ ಸಭೆ ಸುಮ್ಮನಾಯಿತು. ಅಷ್ಟು ಜನ ಒಟ್ಟಿಗೆ ಅವರ ಮಾತಿಗೆ ಕಿವಿಗೊಟ್ಟದ್ದು ಅದೊಂದೇ ಸಲ, ಆಗ ಮಾತಾಡುತ್ತಿದ್ದವನು ನಾನು. ಮೇಷ್ಟ್ರು ಗೋಡೆಗೊರಗಿ ನಿಂತು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಪಿಯುಸಿ ಮುಗಿಯಿತು, ಅಂದರೆ ಅದು ನನ್ನನ್ನು ಮುಗಿಸಿತು. ಮೂರ್ನಾಲ್ಕು ವರ್ಷ ಆದಮೇಲೆ ಒಂದು ದಿನ ಚಾಮರಾಜನಗರದ ಪೇಟೆ ಬೀದಿಯಲ್ಲಿ ನಾನು ಲಾಟರಿ ಕೂಗುತ್ತಿದ್ದಾಗ ಯಾರೋ ಆಟೋ ಬಡಿದರು. ಮೇಷ್ಟ್ರು. ಕುತ್ತಿಗೆಗೆ ಬಿಳೀ ಬಟ್ಟೆ, ಕಂಕುಳಲ್ಲಿ ಮಕ್ಕಳ ಸ್ಲೇಟು. ಸ್ಲೇಟಿನ ಮೇಲೆ ಬರೆದು ತೋರಿಸಿದರು: "ನನ್ನ ಧ್ವನಿ ಇನ್ನೂ ಇದೆಯಾ?"

ನನಗೆ ಅರ್ಥವಾಗಲಿಲ್ಲ. ಒರೆಸಿ ಮತ್ತೆ ಬರೆದರು: "ನಿನ್ನ ಹತ್ತಿರ."

ನನ್ನನ್ನು ಎಸ್ಟಿಡಿ ಬೂತಿಗೆ ಕರೆದುಕೊಂಡು ಹೋದರು. ಬೆಟ್ಟದ ಮೇಲೆ ಅವರ ಜೊತೆಗಿದ್ದ ಗೆಳೆಯರೊಬ್ಬರು ಇನ್ನೂ ಅಲ್ಲೇ ಇದ್ದರು. ಇಷ್ಟು ವರ್ಷದ ಮೇಲೆ ಯಾರೋ ಆ ಚುಕ್ಕಿಯ ಬೆಳಕನ್ನು ಬಿಡಿಸಿ ನೋಡಿದ್ದಾರೆ, ಫೋನ್ ಮಾಡು ಅಂತ ತಿಳಿಸಿದ್ದರಂತೆ. ಧ್ವನಿ ಹೋದದ್ದನ್ನು ಮೇಷ್ಟ್ರು ಅವರಿಗೆ ಹೇಳಿರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ನಾನು ರಿಸೀವರ್ ಹಿಡಿದೆ. ಮೇಷ್ಟ್ರು ಅದಕ್ಕೆ ಕಿವಿ ತಾಗಿಸಿ ನಿಂತರು. ಗಾಜಿನ ಗೂಡಿನೊಳಗೆ ಇಬ್ಬರು, ಧ್ವನಿ ಒಂದೇ.

"ಹಲೋ, ನಾನು ಕಣೋ," ಅಂದೆ ಅವರಾಗಿ.

"ಬದುಕಿದ್ದೀಯೇನೋ! ಗಂಟಲು ವಾಸಿಯಾಯ್ತಾ?"

ಸ್ಲೇಟಿನಲ್ಲಿ ಬಂತು: ಆಯ್ತು. "ಆಯ್ತು" ಅಂದೆ.

"ಮತ್ಯಾಕೋ ಇಷ್ಟು ಮೆಲ್ಲಗೆ ಮಾತಾಡ್ತೀಯ? ಜೋರಾಗಿ ಮಾತಾಡೋ. ನೀನು ಬಾಯಿ ಬಿಟ್ರೆ ಇಲ್ಲಿ ಬೆಟ್ಟ ಅದುರೋದು!"

ಗೆಳೆಯರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಬಳಪ ಅಲ್ಲಾಡಲಿಲ್ಲ. "ಲೈನ್ ಸರಿಯಿಲ್ಲ. ವಿಷಯ ಹೇಳು," ಅಂತ ನಾನೇ ಸೇರಿಸಿದೆ.

"ಲೋಹದ ಗುರುತು ತೀರಾ ತೆಳು ಕಣೋ. ಉಪಕುಬ್ಜ. ನೀನಂದುಕೊಂಡ ಹಾಗೆ ನಮ್ಮವನಲ್ಲ." ಅವರೇ ಕೇಳಿದರು: "ಬೇಜಾರಾಯ್ತೇನೋ?"

"ಹಾದು ಹೋಗೋನಾದ್ರೆ ಹೋಗಲಿ ಬಿಡು," ಅಂದೆ. "ಕಣ್ಣಿಗೆ ಬಿದ್ದನಲ್ಲ."

ಅಂದಮೇಲೆ ಸ್ಲೇಟು ನೋಡಿದೆ. ಅದರಲ್ಲಿ "ಹಾದು ಹೋ" ಅಂತ ಅರ್ಧ ಬರೆದಿತ್ತು, ಬಳಪ ಅಲ್ಲೇ ನಿಂತಿತ್ತು. ಮೇಷ್ಟ್ರು ನನ್ನ ಬಾಯನ್ನು ನೋಡುತ್ತಿದ್ದರು. ಕದ್ದ ಮಾಲನ್ನು ಕಳ್ಳನ ಮನೆಯಲ್ಲಿ ಕಂಡವರ ಹಾಗಲ್ಲ. ಖಾಲಿ ಮನೆಯೊಳಗೆ ದೀಪ ಕಂಡವರ ಹಾಗೆ. ಬೇರೆಯವರ ಧ್ವನಿ ಮಾಡುವುದು ನನಗೆ ಹೊಸದಲ್ಲ. ಅವರಿನ್ನೂ ಆಡದ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವರು ಅಂಗೈಯಿಂದ ಸ್ಲೇಟು ಒರೆಸಿದರು.

ಹೊರಗೆ ಬಂದ ಮೇಲೆ, "ನಮ್ಮ ಕೇರಿಯೋನಲ್ವಂತಲ್ಲ ಸಾ" ಅಂದೆ, ನನ್ನ ಧ್ವನಿಯಲ್ಲೋ ಯಾರದ್ದರಲ್ಲೋ.

ಅವರ ಮುಖದಲ್ಲಿ ಬೇಸರವಿರಲಿಲ್ಲ. ಗೋಡೆಗೆ ಸ್ಲೇಟು ಒತ್ತಿ ಹಿಡಿದು, ಪಾಠ ಮಾಡುವವರ ಹಾಗೆ ಬರೆದರು: "ಹತ್ತಿರ ಇದಾನೆ ಅಂದ್ಕೊಂಡು ಮಂಕ ಅಂದ್ವಿ. ದೂರ ಇದ್ದೂ ಇಷ್ಟು ಕಾಣ್ತಾನೆ ಅಂದ್ರೆ, ಬೆಳಕು ನಾವು ತಿಳಿದಿದ್ದಕ್ಕಿಂತ ಜಾಸ್ತಿ." ಸ್ಲೇಟಿನಲ್ಲಿ ಜಾಗ ಮುಗಿಯಿತು. ಆಮೇಲೆ ಬಂದಂತೆಯೇ ಓಡಿದರು. ಪೇಟೆ ಬೀದಿಯ ಜನದ ನಡುವೆ ಅವರ ಬೆನ್ನು ಮಾತ್ರ ಎಗರೆಗರಿ ಹೋಗುತ್ತಿತ್ತು. ನಾನು ಅವರನ್ನು ಕಂಡದ್ದು ಅದೇ ಕೊನೆ.

ನನ್ನ ಹತ್ತಿರ ಇದ್ದದ್ದು ಇಷ್ಟು. ಇದನ್ನು ಗಂಟಲಲ್ಲಿ ಕಟ್ಟಿಕೊಂಡು ಭಾನುವಾರ ಹೋದೆ.

ರೈಲ್ವೆ ಸ್ಟೇಷನ್ನಿನ ಕಡೆಯ ಸಣ್ಣ ಹೆಂಚಿನ ಮನೆ. ಬಾಗಿಲ ಪಕ್ಕ ಕಲ್ಲಿನ ಮೇಲೆ ತಾಮ್ರದ ತಂಬಿಗೆ, ತುಂಬಾ ನೀರು. ಅಮ್ಮಾವ್ರು ಸಣ್ಣ ಆಕೃತಿ, ದೊಡ್ಡ ಕಣ್ಣು. "ಬಾಪ್ಪ, ಕೂತ್ಕೋ. ಕಾಪಿ ಆಮ್ಯಾಕೆ. ಮೊದ್ಲು ಮಾತಾಡು, ನಂಗೆ ತಡ್ಕೊಳಾಕಾಗಲ್ಲ," ಅಂದರು.

ಎರಡು ಹೆಜ್ಜೆ ಹಿಂದೆ ನಿಂತೆ. ಕಣ್ಣು ಮುಚ್ಚಿ ತೆರೆದು ಟಕ್, ಟಕ್ ಅಂದೆ. "ಮಂಕಾಗಿ ಕಾಣೋದೆಲ್ಲ ದೂರ ಇರಲ್ಲಪ್ಪ..." ಅಂತ ಶುರು ಮಾಡಿದೆ. ಒಂದು ಉಸಿರೂ ತಪ್ಪಲಿಲ್ಲ. ನಾನು ಮಾಡಿದ್ದರಲ್ಲೆಲ್ಲ ಶುದ್ಧವಾದದ್ದು ಅದು.

ಅಮ್ಮಾವ್ರು ತಲೆ ಓರೆ ಮಾಡಿ ಕೇಳಿದರು. ಕೇಳಿ, ಪಕ್ಕದ ಮನೆಯ ಹುಡುಗನನ್ನು ಮೆಚ್ಚುವವರ ಹಾಗೆ ಅಂದರು: "ಚೆಂದಾಗಿ ಮಾಡ್ತೀಯ. ಯಾರಪ್ಪ ಇದು?"

"ಮೇಷ್ಟ್ರು ಅಮ್ಮ," ಅಂದೆ.

"ಇಂಗೆ ಮಾತಾಡೋರಾ ಕಾಲೇಜಲ್ಲಿ? ಇಷ್ಟ್ ಮೆಲ್ಲಕೆ?" ಅವರಿಗೆ ನಗು ಬಂತು, ನಗುವಿನ ಜೊತೆಗೇ ನೀರೂ. "ಅಯ್ಯೋ ನನ್ ಕಂದ. ಮನೇಲಿ ಅವ್ರ ಬಾಯಿಗೆ ಎಂಚು ಆರಿ ಓಗೋದು ಕಣಪ್ಪ! ಆಲು ಉಕ್ಕುದ್ರೆ ಆಲಿಗೇ ಬೈಯೋರು. ಸ್ನಾನ ಮಾಡ್ತಾ ಪದ ಏಳೋರು, ರೈಲು ಬಂದುದ್ದೂ ಕೇಳ್ತಿರ್ನಿಲ್ಲ. ಬೀದಿ ತುದೀಲಿ ಬರ್ತಾನೇ ಕೂಗು..."

ಅಲ್ಲಿಗೆ ನಿಂತರು. ಬಾಯಿ ತೆರೆದೇ ಇತ್ತು. ಏನೋ ಗಂಟಲಿಗೆ ಬಂದು ಕೂತ ಹಾಗೆ ಕತ್ತು ಎತ್ತಿದರು. ಆಮೇಲೆ ಆ ಸಣ್ಣ ಹೆಂಗಸಿನ ಎದೆಯಿಂದ ಒಂದು ಗಂಡಸಿನ ಧ್ವನಿ ಹೊರಟಿತು.

"ಏಯ್! ಬಂದೆ ಕಣೇ! ಕಾಪಿಗಿಡು!"

ಎದುರುಮನೆಯ ಕಿಟಕಿ ತೆರೆಯಿತು. ಸಲೀಮಣ್ಣ ಆಟೋ ಬಿಟ್ಟು ಬೀದಿಗೆ ಬಂದು, ಬಾಗಿಲಲ್ಲಿ ನನ್ನನ್ನು ನೋಡಿ, ನನ್ನ ಕೆಲಸ ಅಂದುಕೊಂಡು, ತಲೆಯಾಡಿಸಿ ಹೋದ. ನಾನು ಬಾಯೇ ಬಿಟ್ಟಿರಲಿಲ್ಲ. ಎಷ್ಟು ಜನರ ಧ್ವನಿ ಮಾಡಿದ್ದೇನೆ, ಇಂಥದ್ದನ್ನು ಕೇಳಿರಲಿಲ್ಲ. ಫೋನಿನಲ್ಲಿ ಆ ಗೆಳೆಯರು ಬೆಟ್ಟ ಅದುರೋದು ಅಂದದ್ದು ತಮಾಷೆಯಾಗಿರಲಿಲ್ಲ. ಎರಡನೇ ಬೆಂಚು ದಾಟದ ನಮ್ಮ ಮಿಣುಕು ಮೇಷ್ಟ್ರು ಮಂಕಾಗಿರಲಿಲ್ಲ, ಅಷ್ಟು ದೂರದಿಂದ ನಮಗೆ ಕಂಡವರು.

ಅಮ್ಮಾವ್ರು ಎರಡೂ ಕೈಲಿ ಬಾಯಿ ಮುಚ್ಚಿಕೊಂಡರು. "ಇಲ್ಲೇ ಅದಲ್ಲ," ಅಂದರು ಬೆರಳ ಸಂದಿಯಿಂದ. "ನಾನೆಲ್ಲೋ ಓಯ್ತು ಅಂತಿದ್ನಲ್ಲ." ಕೈ ತೆಗೆದು ನನ್ನ ಕಡೆ ತಿರುಗಿದರು. "ಕಲ್ತ್ಕೋ ಕಣಪ್ಪ. ನಾನು ಕೂಗುದ್ರೆ ನಾನೇ ಓ ಅನ್ನಾಕಾಗಲ್ಲ. ನೀನು ಒರಗೆ ಓಗಿ ಕೂಗು. ನಾನು ಒಳಗಿರ್ತೀನಿ, ಮಕ ಕಾಣ್ಬಾರ್ದು."

ಹೊಸ್ತಿಲಾಚೆ ಹೋಗಿ ಚಪ್ಪಲಿ ಮೆಟ್ಟಿ ನಿಂತು ಕೂಗಿದೆ.

"ಊಹೂಂ," ಅಂತ ಅಡುಗೆಮನೆಯಿಂದ. "ಅದು ಲಾಟರಿಯೋನು."

ಮತ್ತೆ ಕೂಗಿದೆ.

"ಅದು ನಿಮ್ಮೇಷ್ಟ್ರು."

ಅಜ್ಜಿಯ ಮಾತು ನೆನಪಾಗಿ ಭಯವಾಯಿತು. ತಿರುಗಿ ನೋಡಿದರೆ ನೋಡಲಿ ಅಂದುಕೊಂಡೆ. ಬೀದಿ ತುದಿಯವರೆಗೆ ಹೋಗಿ, ಅಲ್ಲಿಂದ ಅವರ ನಡಿಗೆಯಲ್ಲಿ, ಅಂದರೆ ಅವರ ಓಟದಲ್ಲಿ, ಬಾಗಿಲವರೆಗೆ ಬಂದು, ಏದುಸಿರಿನಲ್ಲೇ ಬಾಯಿ ಬಿಟ್ಟೆ.

"ಏಯ್! ಬಂದೆ ಕಣೇ!"

ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ, ಇಷ್ಟು ಹೊತ್ತು ನನ್ನ ಜೊತೆ ಮಾತಾಡಿದ ಧ್ವನಿಯಲ್ಲ, ಬೇರೆಯದೇ, ಸ್ವಲ್ಪ ಸಿಡುಕಿನ, ವಯಸ್ಸಿನ ಧ್ವನಿ ಕೇಳಿಸಿತು: "ಕೇಳುಸ್ತು, ಬುಡಿ! ಕಾಲ್ ತೊಳ್ಕೊಂಡು ಬನ್ನಿ, ಇಡ್ತಾ ಇವ್ನಿ."

ನಾನು ತಂಬಿಗೆ ಎತ್ತಿಕೊಂಡೆ. ಬಗ್ಗ ಹೋಗಲಿಲ್ಲ. ಎಡಗಾಲು ಮೊದಲು.